ಮೂಗಿನ ನೇರಕ್ಕೆ

ಎಳ್ಳಿಗಿಂತ ಚಿಕ್ಕದಿರಲಿ, ಎನ್ನುತ್ತಾರೆ ತೊಕುನಾಗಾ,
ಹುಡುಗಿಯ ಮೂಗು.
ಎದುರಿನಿಂದ ಒಂದು ಚುಕ್ಕಿ,
ಪಕ್ಕದಿಂದ ತುಸುವೇ ಏರು.
ನೆರಳು ಬೇಡ.
ಕೂದಲು ತಿಳಿನೇರಳೆ, ಕಣ್ಣು ಹಸಿರು,
ಊರು ಸೈತಾಮಾ, ಅಪ್ಪನಿಗೆ ಅಂಚೆ ಕಚೇರಿಯಲ್ಲಿ ಕೆಲಸ.
ಇವಳು ಎಲ್ಲಿಯವಳೆಂದು
ಯಾರೂ ಕೇಳುವುದಿಲ್ಲ.

ಮೂರನೆಯ ಕಂತಿಗೆ ಪೋರ್ಚುಗಲ್ಲಿನ ಹುಡುಗ ಬರುತ್ತಾನೆ.
ಅದೇ ಕಣ್ಣು, ಅದೇ ಹಸಿರು, ಪಟ್ಟಿಯಲ್ಲಿ ಅದೇ ನಂಬರು.
ಅವನಿಗೆ ಮಾತ್ರ
ಹುಬ್ಬುಗಳ ನಡುವಿನಿಂದ ಇಳಿಯುವ ಒಂದು ಗೆರೆ,
ಗೆರೆಯ ಬದಿಗೆ ಕಂದು ನೆರಳು.
ಮೂಗು ಕೊಟ್ಟರೆ ಆಯಿತು,
ಪರದೇಶಿ.

ನನ್ನ ಮೇಜಿನ ಮೇಲೊಂದು ಕೈಗನ್ನಡಿ ಇದೆ.
ಇಲ್ಲಿ ಎಲ್ಲರ ಬಳಿಯೂ ಇದೆ:
ಅಳುವ ಮುಖ ಬರೆಯುವವರು
ಮೊದಲು ಅದರಲ್ಲಿ ಅತ್ತು ನೋಡಬೇಕು.
ಹದಿನಾಲ್ಕು ವರ್ಷ ತುಟಿ ಕಚ್ಚಿದೆ, ಹುಬ್ಬು ಗಂಟಿಕ್ಕಿದೆ.
ಕಾಗದಕ್ಕೆ ಇಳಿದದ್ದು ಅಳು ಮಾತ್ರ.
ಮಿಯಾಕೊ ದ್ವೀಪದ ಈ ದಟ್ಟ ಹುಬ್ಬು, ಒಳಸರಿದ ಕಣ್ಣು,
ಅಜ್ಜಿ ಹಿಡಿದೆಳೆದು 'ನಮ್ಮದೇ' ಎನ್ನುತ್ತಿದ್ದ ಮೂಗು
ಕನ್ನಡಿಯಲ್ಲೇ ಉಳಿದವು.

ನೆರಿಮಾದಲ್ಲಿ ಬಾಡಿಗೆಗೆ ಕೋಣೆ ತೋರಿಸಿದ ದಲ್ಲಾಳಿ
'ನಿಮ್ಮ ಜಪಾನಿ ಎಷ್ಟು ಸೊಗಸಾಗಿದೆ!' ಎಂದ.
ತಲೆಬಾಗಿ ವಂದಿಸಿದೆ.
ಕೋಣೆ ಬೇಕಿತ್ತಲ್ಲ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನಾನು ಸಾಚಾ.
ಆದರೆ ಹಳೆಯ ಕಪಾಟಿನಲ್ಲಿ ಒಂದು ಹಾಳೆಯಿದೆ:
ನೈರೋಬಿಯ ಓಟಗಾರ, ಎರಡೇ ದೃಶ್ಯದ ಪಾತ್ರ.
ತುಟಿಯ ಪಕ್ಕ ಪೆನ್ಸಿಲಿನಲ್ಲಿ: ಇನ್ನೂ ದಪ್ಪ.
ಅದರ ಕೆಳಗೆ ಬೇರೆ ಕೈ: ಇನ್ನೂ.
ಅದರ ಕೆಳಗೆ: ಇನ್ನೂ.
ಮೂರನೆಯದು ನನ್ನ ಅಕ್ಷರ.

ಶನಿವಾರ ಮಿಜೊಗುಚಿ ಮಗನನ್ನು ಕರೆತಂದಿದ್ದಳು.
ಎಮೆಕಾ, ಆರು ವರ್ಷ, ಅಪ್ಪ ಎನುಗುವಿನವರು.
ಗೋಡೆಗೆ ಅಂಟಿಸಿದ ತಿಳಿನೇರಳೆ ಹುಡುಗಿಯ ಮುಂದೆ
ಕುರ್ಚಿ ಎಳೆದು ಹತ್ತಿ ನಿಂತ.
ಕಣ್ಣು ಮುಟ್ಟಿದ, ಬಾಯಿ ಮುಟ್ಟಿದ,
ನಡುವೆ ಬೆರಳಾಡಿಸಿ ಹುಡುಕಿದ.
'ಇವಳು ಉಸಿರಾಡೋದು ಎಲ್ಲಿಂದ?'
ತೊಕುನಾಗಾ ನಕ್ಕರು, ಎಲ್ಲರೂ ನಕ್ಕರು.
ನಾನು ಬಿದ್ದೇ ಇರದ ರಬ್ಬರನ್ನು
ಮೇಜಿನ ಕೆಳಗೆ ಹುಡುಕುತ್ತಿದ್ದೆ.

ಈಗ ಕೊನೆಯ ರೈಲು.
ಎದುರು ಸಾಲಿನಲ್ಲಿ ಏಳು ಮಂದಿ, ಏಳೂ ನಿದ್ದೆ,
ಏಳು ಮೂಗು: ಗಿಣಿಯದು, ಗಜ್ಜುಗದ್ದು,
ಎಂದೋ ಜಗಳದಲ್ಲಿ ಸೊಟ್ಟಗಾದದ್ದು,
ಕುಡಿದು ಕೆಂಪಾದದ್ದು.
ಯಾವುದೂ ಚುಕ್ಕಿಯಲ್ಲ.
ಬೆರಳ ತುದಿಯಿಂದ ತೊಡೆಯ ಮೇಲೆ
ಒಂದೊಂದನ್ನೇ ಬರೆಯುತ್ತ ಹೋದೆ, ನೆರಳು ಸಮೇತ.
ಕೊನೆಯ ಸೀಟಿನ ಮುದುಕಿಗೆ ಬರುವಷ್ಟರಲ್ಲಿ
ಅವಳು ಫಟ್ಟನೆ ಸೀನಿ ಎಚ್ಚರಗೊಂಡು
ಸುತ್ತ ನೋಡಿದಳು,
ಯಾರೋ ತನ್ನ ಮಾತೆತ್ತಿದರು ಎಂಬಂತೆ.