ಬಾಲದ ಅಕ್ಷರ

ಫೊರ್ಲಿಯ ಹಾಸಿಗೆ ಕಾರ್ಖಾನೆಯಲ್ಲಿ
ದೆರ್ನಾ ಹೊಲಿಯುವುದು ಚೀಟಿಗಳನ್ನು ಮಾತ್ರ.
ಪ್ರತಿ ಅಂಚಿಗೂ ನೀಲಿ ದಾರದ ಒಂದೇ ಪದ:
ಅನಲ್ಲೆರ್ಜಿಕೊ.

ಒಂದೇ ಪದ ಎಂದೆನೆ? ತಪ್ಪು.
ದಿಂಬು ಅವರಲ್ಲಿ ಗಂಡು, ಅದಕ್ಕೆ 'ಕೊ'.
ಹೊದಿಕೆ ಹೆಣ್ಣು, 'ಕಾ'.
ದಿಂಬು ಹಲವಾದರೆ 'ಚಿ', ಹೊದಿಕೆ ಹಲವಾದರೆ 'ಕೆ'.
ನಾಲ್ಕು ಡಬ್ಬಿ, ನಾಲ್ಕು ಬಾಲ.
ಮೂವತ್ತೊಂದು ವರ್ಷದಲ್ಲಿ ಒಂದು ಚೀಟಿಯನ್ನೂ
ತಪ್ಪು ಮೈಗೆ ಹೊಲಿದವಳಲ್ಲ.

ಹೊಸ ಹುಡುಗಿ ಕೇಳಿದಳು:
"ನನಗೆ ಯಾವ ಅಲರ್ಜಿಯೂ ಇಲ್ಲ,
ಹಾಗಾದರೆ ನಾನೂ ಅನಲ್ಲೆರ್ಜಿಕಾ?"
"ಅಲ್ಲ ಮಗಳೆ," ಸೂಜಿ ನಿಲ್ಲಿಸದೆ ದೆರ್ನಾ,
"ಅದು ನೋಯದವರ ಹೆಸರಲ್ಲ.
ನೋಯಿಸದ್ದರ ಹೆಸರು."

ಮನೆಯಲ್ಲಿ ನೆವಿಯೊ. ಉಣ್ಣೆ ಹಿಂಜುವವನು.
ಮೇ ತಿಂಗಳು ಬಂತೆಂದರೆ ಅಂಗಳದಿಂದ ಅಂಗಳಕ್ಕೆ ಹೋಗಿ
ಊರಿನ ಹಾಸಿಗೆಗಳ ಹೊಟ್ಟೆ ಬಿಚ್ಚಿ
ಚಳಿಗಾಲದ ನಿದ್ದೆಯನ್ನೆಲ್ಲ ಗಾಳಿಗೆ ಕೊಡವಿ
ಮತ್ತೆ ತುಂಬಿ ಹೊಲಿದು ಬರುವವನು.
ಪಾಲಿಯೆಸ್ಟರ್ ಎಂದರೆ ಮೂಗು ಮುರಿಯುವವನು:
"ಬಾಟಲಿಯ ಮೇಲೆ ಯಾರಾದರೂ ಮಲಗುತ್ತಾರೆಯೆ!"

ಕಳೆದ ಚಳಿಗಾಲ ದೆರ್ನಾಳ ಉಸಿರು ಸಿಳ್ಳೆ ಹಾಕತೊಡಗಿತು.
ಡಾಕ್ಟರು ಮುಂಗೈ ಮೇಲೆ ಹನ್ನೆರಡು ಹನಿ ಇಟ್ಟು, ಚುಚ್ಚಿ, ಕಾದರು.
ನಾಲ್ಕನೆಯದು ತೊಗರಿ ಕಾಳಿನಷ್ಟು ಉಬ್ಬಿತು.
ದೂಳು. ದೂಳಿನೊಳಗಿನ ನುಸಿ.
"ನಿಮ್ಮವರ ಕೆಲಸ?"
ಅವಳು ತೋಳು ಇಳಿಸಿಕೊಂಡಳು.
"ಅನಲ್ಲೆರ್ಜಿಕೊ ಹಾಸಿಗೆ ಕೊಳ್ಳಿ. ಆದರೆ
ಆ ಪದವನ್ನು ಪೂರಾ ನಂಬಬೇಡಿ ಸಿನ್ಯೋರಾ.
ಯಾರನ್ನೂ ನೋಯಿಸದ್ದು ಎಂಬುದೊಂದಿಲ್ಲ.
ಕಡಿಮೆ ನೋಯಿಸುವುದುಂಟು."
ಪದದ ಮೊದಲಿಗಿರುವ 'ಅನ್' ಎಂದರೆ ಇಲ್ಲ,
ನಮ್ಮ ಅನಂತದಲ್ಲಿ ಇರುವುದೂ ಅದೇ.
ಅಷ್ಟು ದೊಡ್ಡ ಇಲ್ಲವನ್ನು
ಒಂದು ದಿಂಬಿನ ಮೇಲೆ ಹೇರಿ ಮಾರುತ್ತಾರೆ.

ಆ ರಾತ್ರಿಯಿಂದ ನೆವಿಯೊ ಅಡುಗೆಮನೆಯ ಬೆಂಚಿನ ಮೇಲೆ,
ಆಗಾಗ ತನ್ನ ತೋಳನ್ನು ತಾನೇ ಮೂಸಿಕೊಳ್ಳುತ್ತ.

ಮಾರ್ಚ್ ಕೊನೆಗೆ ಗ್ಯಾರೇಜಿನಲ್ಲಿ ಬಾಗಿಲು ಹಾಕಿಕೊಂಡ.
ಒಗೆದ ಅಂಗಿ, ಸೋಪು ಹಚ್ಚಿ ತಿಕ್ಕಿದ ಕೈ,
ಬಯ್ಯುತ್ತಲೇ ತುಂಬಿದ ಬಾಟಲಿಯ ನಾರು.
ಅಂಚಿಗೆ ತಾನೇ ಕೆಂಪು ದಾರದಲ್ಲಿ ಬರೆದ,
ಶಾಲೆ ಬಿಟ್ಟವನ ಅಕ್ಷರ:
ಅನಲ್ಲೆರ್ಜಿಕಾ.

ಹಾಸಿಗೆ ಅವರಲ್ಲಿ ಗಂಡು.
ದೆರ್ನಾ ಕನ್ನಡಕ ಏರಿಸಿದಳು, ಕತ್ತರಿ ತೆಗೆದಳು.
"ಬಾಲ ತಪ್ಪಾಗಿದೆ."
"ಹಾಸಿಗೆಗೆ ಬರೆದದ್ದಲ್ಲ ಅದು,"
ಹೊಸಿಲಾಚೆಯಿಂದಲೇ ನೆವಿಯೊ.

ಕತ್ತರಿ ಒಂದಿಷ್ಟು ಹೊತ್ತು ಬಾಯಿ ತೆರೆದೇ ಇತ್ತು.
ಆಮೇಲೆ, ಗಂಟಿನಾಚೆ ಜೋತ ದಾರವನ್ನಷ್ಟೇ
ಕಚಕ್ಕನೆ ಕತ್ತರಿಸಿ ಅಂದಳು:
"ಒಳಗೆ ಬಾ.
ಕೋಟು ಅಲ್ಲೇ ಕಳಚಿಟ್ಟು ಬಾ."