ಗಿಡ್ಡಿ

ರಾತ್ರಿಶಾಲೆಯಲ್ಲಿ ಆ ಇಂಗ್ಲಿಷ್ ಪದ ಬಂದಾಗೆಲ್ಲ
ಹಿಂದಿನ ಬೆಂಚು ನಗುತ್ತಿತ್ತು.
ಹಗಲಿಡೀ ಲೋಟ ತೊಳೆದು ಬೆರಳು ಸುಕ್ಕಾದ ಹುಡುಗರು:
"ಟೀಚರ್, ಗಿಡ್ಡಿ ಅಂದ್ರೆ ಕುಳ್ಳಿ ಅಲ್ವಾ?"
ಅಲ್ಲ, ತಲೆಸುತ್ತು ಬಂದವರು, ಎಂದು ಬೋರ್ಡಿನಲ್ಲಿ ಬರೆದು
ಕೈ ಒರೆಸಿಕೊಂಡಿದ್ದೆ.

ಲಾಲ್‌ಬಾಗಿನ ಚಾಳಿನಲ್ಲಿ ಗೋಡೆಗೆ ಗೋಡೆ ತಾಗಿ
ಇಂದೂಬಾಯಿ ಘೋಸಾಳ್ಕರ್.
ನಾಲ್ಕಡಿ ಎಂಟಂಗುಲ. ನಲ್ಲಿಯ ಸಾಲಿನಲ್ಲಿ
ಕೊಡ ಕಾಣುತ್ತಿತ್ತು, ಹೊತ್ತವಳು ಕಾಣುತ್ತಿರಲಿಲ್ಲ.
ಮಿಲ್ಲು ಮುಚ್ಚಿದ ಮೇಲೆ ಗಂಡ ಮನೆಯಲ್ಲೇ;
ಅವನ ಬೆಲ್ಟಿನ ಸದ್ದು ಕೇಳಿದರೆ ನಾವು
ರೇಡಿಯೋ ದೊಡ್ಡದು ಮಾಡುತ್ತಿದ್ದೆವು.
ಇದನ್ನು ಬರೆಯದೆ ಬಿಡಬಹುದಿತ್ತು.

ಮಂಗಳವಾರ ಮಾತ್ರ, ಆರತಿಯ ಹೊತ್ತಿಗೆ,
ಅವಳ ತುರುಬು ಬಿಚ್ಚಿಕೊಳ್ಳುತ್ತಿತ್ತು.
ಕತ್ತು ಗಿರಗಿರ. ಹೊಟ್ಟೆಯಾಳದಿಂದ ಇನ್ನಾರದೋ ದನಿ.
"ದೇವಿ ಅಂಗಾತ್ ಆಲೀ!" ಚಾಳೆಲ್ಲ ಕೂಗು.
ಆಗಷ್ಟೇ ಮುಂಬಯಿಗೆ ಬಂದಿದ್ದೆ, ಕಿವಿ ಇನ್ನೂ ಕನ್ನಡದ್ದು,
ದೇವಿ ಯಾಕೆ ಅಂಗಾತ ಬಿದ್ದಳು ಎಂದು ಓಡಿ ಇಣುಕಿದರೆ
ಬೋರಲು ಬಿದ್ದಿದ್ದವನು ಗಂಡ,
ಅವಳ ಪಾದದ ಮೇಲೆ.
ಇಂದೂಬಾಯಿಯ ತಲೆ ಜಂತಿಗೆ ತಾಗುವಂತಿತ್ತು.

ಒಂದು ಬುಧವಾರ ನಲ್ಲಿಯ ಬಳಿ ಕುಸಿದಳು.
ದೇವಿಯಲ್ಲ, ಬರೀ ಭೋವಳ. (ನಮ್ಮ ಬವಳಿಯೇ,
ಈ ಊರಿಗೆ ಬಂದು ಮಹಾಪ್ರಾಣವಾದದ್ದು.)
ಪರೇಲಿನ ದೊಡ್ಡಾಸ್ಪತ್ರೆಯಲ್ಲಿ ಎಳೆಯ ಡಾಕ್ಟರು
ತಲೆ ಎತ್ತದೆ ಚೀಟಿಯಲ್ಲಿ ಗೀಚಿದ:
ಗಿಡ್ಡಿನೆಸ್, ಮೂರು ದಿನದಿಂದ.
ಕಬ್ಬಿಣದ ಮಾತ್ರೆ. ಹಾಲು, ಹಣ್ಣು, ವಿಶ್ರಾಂತಿ.
"ಯಾರ ಮನೆಯಲ್ಲಿ?" ಎಂದಳು, ಹೊರಗೆ ಬಂದು.

ಆ ರಾತ್ರಿ, ಫೋರ್ಟಿನ ಫುಟ್‌ಪಾತಿನಲ್ಲಿ ಕೊಂಡ
ಬೆನ್ನು ಮುರಿದ ಡಿಕ್ಷನರಿಯಲ್ಲಿ,
ಪದದ ಕೆಳಗೆ ಇರುವೆಸಾಲಿನಂಥ ಅಕ್ಷರ:
ಸಾವಿರ ವರ್ಷದ ಹಿಂದೆ ಇದರರ್ಥ ಹುಚ್ಚು.
ಅದಕ್ಕೂ ಹಿಂದೆ, ಬರಹ ಇಲ್ಲದ ಕಾಲಕ್ಕೆ ಇಳಿದರೆ,
ದೇವರು ಹೊಕ್ಕವರು ಎಂದಿದ್ದೀತು,
ಅವರ ಗಾಡ್ ಎಂಬ ಮಾತೇ ಇದಕ್ಕೂ ಬೇರು.
ಬೇರಿನ ರೂಪ ಓದಿದರೆ ನನಗೆ ಗುಡಿ ಕೇಳಿಸಿತು.
ಸಂಬಂಧವಿಲ್ಲ, ಗೊತ್ತು.
ಗಂಟೆಯ ಸದ್ದಿಗೆ ನೆಂಟಸ್ತನ ಬೇಕೆ?

ಪದವೂ ಪಗಡಿಯ ಖೋಲಿ.
ದೇವರು ಬಿಟ್ಟುಹೋದ ಮೇಲೆ ಹುಚ್ಚ ಬಂದ,
ಆಮೇಲೆ ತಲೆಸುತ್ತಿನವಳು, ಆಮೇಲೆ ಯಾರೋ ಚೆಲ್ಲುಚೆಲ್ಲು ಹುಡುಗಿ.
ಬಾಗಿಲ ಮೇಲಿನ ಹಳೆಯ ಹೆಸರು
ಯಾರೂ ಒರೆಸಿಲ್ಲ, ಓದಿಲ್ಲ.
ಆ ಡಾಕ್ಟರೂ ಓದಿರಲಿಲ್ಲ.
ಆದರೂ ಅವನ ಪೆನ್ನು ಸರಿಯಾಗಿಯೇ ಬರೆದಿತ್ತು.

ಮಿಲ್ಲಿದ್ದ ಜಾಗದಲ್ಲಿ ಈಗ ಗಾಜಿನ ಟವರು.
ಮೂವತ್ತೊಂದನೆಯ ಮಹಡಿಗೆ ಟ್ಯೂಶನ್ನಿಗೆ ಹೋಗುತ್ತೇನೆ,
ಕಿಟಕಿಗೆ ಬೆನ್ನು ಹಾಕಿ ಕೂರುತ್ತೇನೆ.
ಶೆರ್ನಾಜ್, ಒಂಬತ್ತು ವರ್ಷ, ಕಥೆ ಓದುತ್ತಾಳೆ:
ರಾಜಕುಮಾರಿ ಗಿಡ್ಡಿ ವಿತ್ ಜಾಯ್.
"ಮಿಸ್, ಸಂತೋಷ ಕಾಯಿಲೆಯಾ?
ನಮ್ಮ ಬಾಯಿಗೆ ಗಿಡ್ಡಿನೆಸ್ ಬಂದ್ರೆ ಮಮ್ಮಾ ಸಂಬಳ ಹಿಡೀತಾಳೆ."
ಮುಂದೆ ಓದು, ಎಂದೆ.

ಇಂದೂಬಾಯಿ ಖೋಲಿ ಮಾರಿ ನಾಲಾಸೋಪಾರಾಕ್ಕೆ ಹೋದಳು.
ಅಲ್ಲಿಗೆ ದೇವಿ ಬರುತ್ತಾಳೋ, ಅಷ್ಟು ದೂರ,
ಲೋಕಲ್ಲಿನ ಆ ಗರ್ದಿಯಲ್ಲಿ,
ಕೇಳಲು ನಾನು ಹೋಗಲಿಲ್ಲ.

ಕಳೆದ ತಿಂಗಳಿಂದ ನನಗೂ.
ಕಿವಿಯೊಳಗೆ ಸುಣ್ಣದ ಹರಳು ಜಾರಿದೆಯಂತೆ.
ದಾದರಿನ ಡಾಕ್ಟರಮ್ಮ ಅಂಗಾತ ಮಲಗಿಸಿ
ಎರಡೂ ಕೈಯಲ್ಲಿ ನನ್ನ ತಲೆ ಹಿಡಿದು
ಬಲಕ್ಕೊಮ್ಮೆ, ಎಡಕ್ಕೊಮ್ಮೆ ತಿರುವುತ್ತಾಳೆ,
ಹಳೆಯ ರೇಡಿಯೋದಲ್ಲಿ ಸ್ಟೇಶನ್ ಹುಡುಕುವ ಹಾಗೆ.
ಫ್ಯಾನು, ಟ್ಯೂಬ್‌ಲೈಟು, ಒಂದು ಬಿಚ್ಚಿದ ತುರುಬು,
ಎಲ್ಲ ಒಂದೇ ಸುತ್ತಿನಲ್ಲಿ.
ಗೋಡೆಯಾಚೆ ಬೆಲ್ಟಿನ ಸದ್ದು; ಸದ್ದು ಕಡಿಮೆ ಮಾಡುವ ಗುಂಡಿ
ಕೈಗೆ ಸಿಗುತ್ತಿಲ್ಲ.

"ಗಿಡ್ಡಿನೆಸ್ ಇದೆಯಾ?" ಎಂದಳು.
ಇದೆ, ಎಂದೆ.
ಯಾರದೆಂದು ಹೇಳಲಿಲ್ಲ.