ಎಡಗೆನ್ನೆಯ ಬೊಟ್ಟು

ಇಪ್ಪತ್ತು ನಿಮಿಷ ದೊಡ್ಡವಳು ಪಂಕಜ.
ಆಮೇಲೆ ನಾನು, ನೀರಜ.
ಹೆಸರಿಟ್ಟ ಸೋದರಮಾವನಿಗೆ ಸಂಸ್ಕೃತದ ಹುಚ್ಚು:
ಕೆಸರಲ್ಲಿ ಹುಟ್ಟಲಿ, ನೀರಲ್ಲಿ ಹುಟ್ಟಲಿ,
ತಾವರೆ ತಾವರೆಯೇ ಅಂದನಂತೆ.
ಅಮ್ಮನಿಗೆ ಪಜೀತಿ:
ಯಾರಿಗೆ ಹಾಲು ಕುಡಿಸಿದೆ, ಯಾರಿಗೆ ಇಲ್ಲ?
ಅದಕ್ಕೇ ಕಾಡಿಗೆ ಬೊಟ್ಟು,
ಅವಳಿಗೆ ಎಡಗೆನ್ನೆಗೆ, ನನಗೆ ಬಲಗೆನ್ನೆಗೆ.
ಎಣ್ಣೆ-ನೀರು ಹಾಕಿದ ದಿನ ಎರಡೂ ಅಳಿಸಿಹೋಗಿ
ನಾನೇ ಪಂಕಜ ಆಗಿರಲೂಬಹುದು.

ಡಾಕ್ಟರು ಪರದೆ ನಮ್ಮ ಕಡೆ ತಿರುಗಿಸಿದರು.
ಅವಳ ಹೃದಯದ ಬಲಗೋಣೆ ಊದಿಕೊಂಡು
ಇಕ್ಕಟ್ಟಿನ ಓಣಿಗೆ ಗಾಡಿ ನೂಕುವವನ ಹಾಗೆ
ಹೆಣಗುತ್ತಿತ್ತು.
ತೋಳಿಗೆ ಪಟ್ಟಿ ಸುತ್ತಿದರೆ ಸಿಗದ ಬಿ.ಪಿ. ಇದು, ಎಂದರು,
ಶ್ವಾಸಕೋಶದೊಳಗಿನದು. ಎಪ್ಪತ್ತೆರಡು.

ಹೋಲಿಸಿ ನೋಡಲು ನನ್ನ ರಕ್ತವನ್ನೂ ತೆಗೆದುಕೊಂಡರು.
ಅಕ್ಷರ ಅಷ್ಟೂ ಒಂದೇ ಅಂತೆ.
ಆದರೆ 'ಗೋಡೆಯೇ, ಸಾಕು, ಇನ್ನು ಬೆಳೆಯಬೇಡ'
ಎಂದು ನಾಳಕ್ಕೆ ಹೇಳುವ ಒಂದು ಸಾಲಿದೆಯಲ್ಲ,
ಅದರ ಮೇಲೆ ಅವಳಲ್ಲಿ ಸಣ್ಣ ಸಣ್ಣ ಚುಕ್ಕಿ ಕೂತಿವೆ.
ಮಿಥೈಲ್ ಅಂತ ಹೆಸರು.
ಸಾಲು ಹರಿದಿಲ್ಲ, ತಿದ್ದಿಲ್ಲ,
ಓದುವವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.
ಗೋಡೆ ಒಳಮುಖವಾಗಿ ಬೆಳೆಯುತ್ತಲೇ ಇದೆ.

ಯಾರಿಟ್ಟರು ಈ ಬೊಟ್ಟು?
ಕ್ಯಾತಮಾರನಹಳ್ಳಿಯ ಕಿಟಕಿಯಿಲ್ಲದ ನಡುಮನೆಯಲ್ಲಿ
ಹತ್ತೊಂಬತ್ತು ವರ್ಷ ಊದುಬತ್ತಿ ಹೊಸೆದಳು,
ಸಾವಿರಕ್ಕಿಷ್ಟು ಅಂತ.
ಇದ್ದಿಲಪುಡಿ ರೆಪ್ಪೆಯ ಮೇಲೂ ಇರುತ್ತಿತ್ತು.
ನಾನು ಅಂಚೆ ಕಚೇರಿಯ ಫ್ಯಾನಿನ ಕೆಳಗೆ
ಸ್ಟಾಂಪು ಮಾರಿದೆ.
ಅದೇ ಕಾರಣವಾ ಸಾರ್?
ಇರಬಹುದು, ಇಲ್ಲದೆಯೂ ಇರಬಹುದು, ಗೊತ್ತಿಲ್ಲಮ್ಮ.
ಗೊತ್ತಿಲ್ಲ ಎಂದ ಡಾಕ್ಟರನ್ನು
ನಾನು ನೋಡಿದ್ದು ಅದೇ ಮೊದಲು.
ಅಳಿಸಕ್ಕಾಗತ್ತಾ?
ಇಲಿಗಳಲ್ಲಿ ಅಳಿಸಿ ನೋಡುತ್ತಿದ್ದಾರೆ.
ಪಂಕಜ ನಕ್ಕಳು: ಇಲಿಗೂ ಎಣ್ಣೆ-ನೀರು ಹಾಕಿದ್ರೇನೋ.
ನಕ್ಕಿದ್ದಕ್ಕೆ ಐದು ನಿಮಿಷ ಸುಧಾರಿಸಿಕೊಂಡಳು.

ಆಷಾಢದ ಶುಕ್ರವಾರ ಒಬ್ಬಳೇ ಬೆಟ್ಟ ಹತ್ತಿದೆ.
ಬಟ್ಟಲಲ್ಲಿ ಅರಿಶಿನ, ಕುಂಕುಮ,
ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಒಂದೊಂದು ಬೊಟ್ಟು.
ಅದೇ ಕಲ್ಲು, ಅದೇ ಉಳಿ,
ಒಂದಕ್ಕೆ ಹತ್ತು ಜನರ ಬೆರಳು, ಪಕ್ಕದ್ದಕ್ಕೆ ಒಂದು.
ಇನ್ನೂರ ಹದಿನಾಲ್ಕನೆಯ ಮೆಟ್ಟಿಲು:
ಹೋದ ವರ್ಷ ಅವಳು ತುಟಿ ನೀಲಿಯಾಗಿ
'ನೀ ಹತ್ತು, ನಾ ಇಲ್ಲೇ ಇರ್ತೀನಿ' ಎಂದು ಕೂತದ್ದು.
ಬೆರಳು ಅದ್ದಿದೆ. ಇಡಲಾಗಲಿಲ್ಲ.
ಸೆರಗಿನ ತುದಿಯಿಂದ, ಯಾರೋ ಇಟ್ಟುಹೋಗಿದ್ದನ್ನೂ
ಒರೆಸಿದೆ.
ತಪ್ಪೇನೋ. ಹಿಂದೆ ಬಂದ ಹೆಂಗಸು
ನನ್ನನ್ನೊಮ್ಮೆ ನೋಡಿ, ಮತ್ತೆ ಇಟ್ಟಳು.

ರಾತ್ರಿ ಫೋನು.
ಮೂರನೇ ಹೊತ್ತಿನ ಮಾತ್ರೆ ನುಂಗಿ ಕೇಳಿದಳು,
ಎಲ್ಲಾ ಮೆಟ್ಟಿಲಿಗೂ ಇಟ್ಯೇನೇ?
ಇಟ್ಟೆ.
ಅವಳು ಒಂದು ಉಸಿರು ತೆಗೆದುಕೊಂಡಳು,
ಇನ್ನೊಂದು ತೆಗೆದುಕೊಂಡಳು,
ಸುಳ್ಳು, ಎಂದಳು,
ನನ್ನದೇ ದನಿಯಲ್ಲಿ.